ಪಾರ್ಟ್‌ಟೈಮ್ ಪಾಠಕ್ಕೆ ಹೋಗಿ ಫುಲ್‌ಟೈಮ್ ಪಟ್ಟಿಯಲ್ಲಿ ಸಿಕ್ಕಿಬೀಳಬೇಡಿ

ಕಂಪನಿ ಕೆಲಸದ ಜೊತೆಗೆ ಶನಿವಾರ ಒಂದೆರಡು ಕ್ಲಾಸು ತೆಗೆದುಕೊಳ್ಳೋಣ ಎಂದು ಇಂಜಿನಿಯರಿಂಗ್ ಕಾಲೇಜುಗಳಲ್ಲಿ ವಿಚಾರಿಸುತ್ತಿರುವ ಎಂ.ಟೆಕ್ ಆದವರು ಮೊದಲು ಇದನ್ನು ಓದಿ, ಆಮೇಲೆ ಬಯೋಡೇಟಾ ಕಳಿಸಿ. ಪಾಠ ಮಾಡುವವರು ಬೇಕಾಗಿರುವ ಕಾಲೇಜುಗಳೂ ಇವೆ, ಪಾಠ ಮಾಡುವವರ ಸರ್ಟಿಫಿಕೇಟು ಮಾತ್ರ ಬೇಕಾಗಿರುವ ಕಾಲೇಜುಗಳೂ ಇವೆ. ಎರಡೂ ಕಡೆಯಿಂದ ಬರುವ ಫೋನ್ ಕರೆ ಒಂದೇ ಥರ ಇರುತ್ತದೆ.

ಸಾಫ್ಟ್‌ವೇರ್ ಇಂಜಿನಿಯರ್ ಒಬ್ಬರಿಗೆ ಆದದ್ದು ಹೀಗೆ. ಡೆಮೊ ಕ್ಲಾಸ್ ಇಲ್ಲ, ಯಾವ ವಿಷಯ ಚೆನ್ನಾಗಿ ಗೊತ್ತು ಎಂಬ ಪ್ರಶ್ನೆಯೂ ಇಲ್ಲ. ಮೊದಲ ಭೇಟಿಯಲ್ಲೇ ಕೇಳಿದ್ದು ಬಿ.ಇ. ಮತ್ತು ಎಂ.ಟೆಕ್ ಮೂಲ ಅಂಕಪಟ್ಟಿ, ಪ್ಯಾನ್, ಆಧಾರ್, ಫೋಟೊ. ಕೊಟ್ಟ ನೇಮಕಾತಿ ಪತ್ರದಲ್ಲಿ ಹುದ್ದೆ ‘ಸಹಾಯಕ ಪ್ರಾಧ್ಯಾಪಕ’. ಅತಿಥಿ, ಅರೆಕಾಲಿಕ ಎಂಬ ಮಾತೇ ಇಲ್ಲ. ಸೇರಿದ ದಿನಾಂಕ ಹಿಂದಿನ ಸೆಮಿಸ್ಟರಿನದು. ಕೇಳಿದರೆ ‘ಫಾರ್ಮಾಲಿಟಿ ಅಷ್ಟೇ ಸರ್’ ಎಂಬ ಉತ್ತರ. ಕಾಲೇಜು ಹೇಳಿದ ಬ್ಯಾಂಕಿನಲ್ಲಿ ಸಂಬಳದ ಖಾತೆ ತೆರೆಸಿ, ಸಹಿ ಮಾಡಿದ ಖಾಲಿ ಚೆಕ್ಕುಗಳನ್ನು ಆಫೀಸಿನಲ್ಲೇ ಇಟ್ಟುಕೊಂಡರು. ಕೆಲವು ವಾರ ಕ್ಲಾಸು ನಡೆಯಿತು, ಆಮೇಲೆ ಟೈಮ್‌ಟೇಬಲ್‌ನಿಂದ ಹೆಸರು ಹೋಯಿತು.

ಮತ್ತೆ ಫೋನ್ ಬಂದದ್ದು ವಿಶ್ವವಿದ್ಯಾಲಯದ ಎಲ್‌ಐಸಿ, ಅಂದರೆ ಕಾಲೇಜಿನ ಅಧ್ಯಾಪಕರು, ಸೌಲಭ್ಯಗಳನ್ನು ಪರಿಶೀಲಿಸುವ ಸ್ಥಳೀಯ ವಿಚಾರಣಾ ಸಮಿತಿ ಬರುವ ಹಿಂದಿನ ದಿನ. ‘ನಾಳೆ ಒಂಬತ್ತಕ್ಕೆ ಬಂದುಬಿಡಿ ಸರ್, ಫಾರ್ಮಲ್ಸ್ ಹಾಕ್ಕೊಂಡು.’ ಹೋದಾಗ ಮೇಜಿನ ಮೇಲೆ ಹಾಜರಿ ಪುಸ್ತಕ ತೆರೆದಿತ್ತು. ಅವರ ಹೆಸರಿನ ಸಾಲಿನಲ್ಲಿ ಕಳೆದ ಅಷ್ಟೂ ತಿಂಗಳ ಚೌಕಗಳು ಖಾಲಿ. ಭಾನುವಾರ ಮತ್ತು ರಜಾದಿನಗಳಿಗೆ ಪೆನ್ಸಿಲ್ಲಿನಲ್ಲಿ ಗೀಟು ಎಳೆದಿಟ್ಟಿದ್ದರು, ಅಲ್ಲಿ ತಪ್ಪಿ ಸಹಿ ಬೀಳಬಾರದೆಂದು. ಕೂತ ಕಡೆಯೇ ಎಲ್ಲಕ್ಕೂ ಸಹಿ ಮಾಡಿಸಿಕೊಂಡರು.

ಇದರ ಬಿಸಿ ತಟ್ಟಿದ್ದು ಕಂಪನಿ ಬದಲಿಸುವಾಗ. ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್‌ನಲ್ಲಿ ಯುಎಎನ್‌ನ, ಅಂದರೆ ಕಂಪನಿ ಬದಲಾದರೂ ಬದಲಾಗದ ಪಿಎಫ್ ಸಂಖ್ಯೆಯ, ಸೇವಾ ವಿವರ ತೆಗೆದರೆ, ಒಂದೇ ಅವಧಿಗೆ ಇಬ್ಬರು ಉದ್ಯೋಗದಾತರು. ಕಾಲೇಜು ಪೂರ್ಣಾವಧಿ ನೌಕರ ಎಂದು ತೋರಿಸಿ ಪಿಎಫ್ ಕಟ್ಟಿತ್ತು. ಕೈಗೆ ಬಂದಿದ್ದ ಆಫರ್ ಹೋಯಿತು. ಮೂಲ ಅಂಕಪಟ್ಟಿ ಕೇಳಲು ಹೋದರೆ ‘ಮೂರು ತಿಂಗಳ ನೋಟಿಸ್ ಕೊಡಿ, ಇಲ್ಲವೇ ಅಷ್ಟು ಸಂಬಳ ಕಟ್ಟಿ’ ಎಂದರು.

ಕಾಲೇಜು ಯಾಕೆ ಹೀಗೆ ಮಾಡುತ್ತದೆ? ತಾಂತ್ರಿಕ ಕಾಲೇಜುಗಳಿಗೆ ಅನುಮೋದನೆ ಕೊಡುವ ಕೇಂದ್ರದ ಎಐಸಿಟಿಇ ಪ್ರಕಾರ ಬಿ.ಇ. ಮಟ್ಟದಲ್ಲಿ 20 ವಿದ್ಯಾರ್ಥಿಗಳಿಗೆ ಒಬ್ಬ ಅಧ್ಯಾಪಕ ಇರಬೇಕು. 60 ಸೀಟಿನ ಒಂದು ಬ್ರಾಂಚ್ ಎಂದರೆ ನಾಲ್ಕು ವರ್ಷಕ್ಕೆ 240 ವಿದ್ಯಾರ್ಥಿಗಳು, 12 ಅಧ್ಯಾಪಕರು. ಸೀಟು 180ಕ್ಕೆ ಏರಿದರೆ 36 ಜನ ಬೇಕು. ಕಂಪ್ಯೂಟರ್ ಸೈನ್ಸಿನಲ್ಲಿ ಎಂ.ಟೆಕ್ ಆದವರಿಗೆ ಕಂಪನಿಗಳು ಕೊಡುವ ಸಂಬಳವನ್ನು ಎಷ್ಟೋ ಕಾಲೇಜುಗಳು ಕೊಡುವುದಿಲ್ಲ. ಆಗ ಕಾಗದದ ಮೇಲೆ ತಲೆ ಎಣಿಸಿ ತೋರಿಸುವ ದಾರಿ ಹಿಡಿಯುತ್ತಾರೆ. ಇದು ಒಂದೆರಡು ಕಡೆಯ ಮಾತಲ್ಲ. 2024ರಲ್ಲಿ ಚೆನ್ನೈನ ಭ್ರಷ್ಟಾಚಾರ ವಿರೋಧಿ ಸಂಘಟನೆ ಅರಪ್ಪೋರ್ ಇಯಕ್ಕಂ ಅಣ್ಣಾ ವಿಶ್ವವಿದ್ಯಾಲಯದ ಸಂಯೋಜಿತ ಕಾಲೇಜುಗಳ ಪಟ್ಟಿಗಳನ್ನು ತಾಳೆ ನೋಡಿ, ಒಬ್ಬರೇ ಹಲವು ಕಾಲೇಜುಗಳಲ್ಲಿ ಪೂರ್ಣಾವಧಿ ಅಧ್ಯಾಪಕರಾಗಿರುವುದನ್ನು ಬಯಲಿಗೆಳೆಯಿತು. ಅಂಥ ಪಟ್ಟಿಯಲ್ಲಿ ಕ್ರಮಕ್ಕೆ ಗುರಿಯಾಗುವುದು ಕಾಲೇಜಷ್ಟೇ ಅಲ್ಲ, ಸಹಿ ಹಾಕಿದ ಅಧ್ಯಾಪಕರ ಹೆಸರೂ ಸಿಕ್ಕಿಕೊಳ್ಳುತ್ತದೆ.

ತೆರಿಗೆಯ ಪೆಟ್ಟು ಬೇರೆ. ಉದಾಹರಣೆಗೆ ತಿಂಗಳಿಗೆ 60,000 ರೂಪಾಯಿ ಖಾತೆಗೆ ಹಾಕಿ, 48,000 ಅನ್ನು ನಿಮ್ಮದೇ ಚೆಕ್ಕಿನಿಂದ ವಾಪಸ್ ತೆಗೆದುಕೊಂಡರು ಎನ್ನಿ. ಆದಾಯ ತೆರಿಗೆ ಇಲಾಖೆಯ ಲೆಕ್ಕದಲ್ಲಿ ನಿಮ್ಮ ವರ್ಷದ ವರಮಾನಕ್ಕೆ 7,20,000 ಸೇರಿತು. ಕೈಗೆ ಸಿಕ್ಕಿದ್ದು 1,44,000. ಕಂಪನಿ ಸಂಬಳದ ಮೇಲೆ ಇದೂ ಕೂಡಿ ಮೇಲಿನ ಸ್ಲ್ಯಾಬಿಗೆ ಹೋದರೆ, ಕೈಗೆ ಬಂದದ್ದೆಲ್ಲ ತೆರಿಗೆಗೇ ಸಾಲದೆ ಹೋಗಬಹುದು. ವಾಪಸ್ ಕೊಟ್ಟಿದ್ದಕ್ಕೆ ರಸೀದಿ ಇರುವುದಿಲ್ಲ.

ಸರಿಯಾದ ದಾರಿ ಇದೆ. ಅತಿಥಿ ಉಪನ್ಯಾಸಕರಿಗೆ ಯುಜಿಸಿ 2019ರಲ್ಲಿ ಹೇಳಿದ ದರ ಒಂದು ಉಪನ್ಯಾಸಕ್ಕೆ 1,500 ರೂಪಾಯಿ, ತಿಂಗಳಿಗೆ ಗರಿಷ್ಠ 50,000. ಖಾಸಗಿ ಕಾಲೇಜುಗಳಲ್ಲಿ ಇದಕ್ಕಿಂತ ಬಹಳ ಕಡಿಮೆ ಹೇಳುತ್ತಾರೆ, ಆದರೆ ಮಾತಾಡುವಾಗ ಈ ಅಂಕಿ ಗೊತ್ತಿದ್ದರೆ ಒಳ್ಳೆಯದು. 15 ವರ್ಷ ಅನುಭವ ಇದ್ದವರಿಗೆ 2022ರ ಯುಜಿಸಿ ಮಾರ್ಗಸೂಚಿಯ ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’, ಅಂದರೆ ಉದ್ಯಮದ ಪರಿಣತರು ಪಾಠ ಮಾಡುವ ಹುದ್ದೆ, ಇದೆ. ಇವರ ಸಂಖ್ಯೆ ಮಂಜೂರಾದ ಹುದ್ದೆಗಳ ಶೇ. 10 ಮೀರುವಂತಿಲ್ಲ, ಒಟ್ಟು ಅವಧಿ ಸಾಮಾನ್ಯವಾಗಿ ಮೂರು ವರ್ಷ ಮೀರುವಂತಿಲ್ಲ. ಇದಕ್ಕೆ ಪಿಎಚ್‌.ಡಿ. ಕಡ್ಡಾಯವಲ್ಲ.

ನಿಜವಾಗಿ ಪಾಠಕ್ಕೆ ಕರೆಯುವ ಕಾಲೇಜಿನ ಎಚ್‌ಒಡಿ ಕೇಳುವ ಪ್ರಶ್ನೆಗಳೇ ಬೇರೆ: ಐದು ಮಾಡ್ಯೂಲ್‌ಗಳಲ್ಲಿ ಯಾವುದು ತೆಗೆದುಕೊಳ್ಳುತ್ತೀರಿ, ಇಂಟರ್ನಲ್ಸ್ ಪ್ರಶ್ನೆಪತ್ರಿಕೆ ಯಾರು ತೆಗೆಯಬೇಕು, ಲ್ಯಾಬ್ ನೋಡಿಕೊಳ್ಳುತ್ತೀರಾ. ಮೂರು ಕ್ರೆಡಿಟ್ಟಿನ ವಿಷಯ ಎಂದರೆ ಸೆಮಿಸ್ಟರಿಗೆ 40 ಗಂಟೆಯ ಆಸುಪಾಸು ಕ್ಲಾಸು. ಅದರ ಮೇಲೆ ಲೆಸನ್ ಪ್ಲಾನ್, ಸಿಒ-ಪಿಒ ಮ್ಯಾಪಿಂಗ್ (ವಿಷಯದ ಕಲಿಕಾ ಗುರಿಗಳನ್ನು ಇಡೀ ಕೋರ್ಸಿನ ಗುರಿಗಳಿಗೆ ಹೊಂದಿಸಿ ತೋರಿಸುವುದು), ಇಂಟರ್ನಲ್ಸ್ ಉತ್ತರ ಬರೆಯುವ ಬ್ಲೂ ಬುಕ್ ತಿದ್ದುವುದು, ಹಾಜರಿ ಪೋರ್ಟಲ್ ತುಂಬುವುದು. ಹೊಸಬರಿಗೆ ಒಂದು ಗಂಟೆ ಪಾಠಕ್ಕೆ ಎರಡು ಮೂರು ಗಂಟೆ ತಯಾರಿ ಬೇಕೇ ಬೇಕು. ಗಂಟೆಯ ಲೆಕ್ಕದ ಸಂಭಾವನೆಯಲ್ಲಿ ಈ ಕೆಲಸವೆಲ್ಲ ಸೇರಿದೆಯೇ ಎಂದು ಮೊದಲೇ ಬರೆಸಿಕೊಳ್ಳಿ. ಹಣ ತಿಂಗಳಿಗೋ ಸೆಮಿಸ್ಟರ್ ಮುಗಿದ ಮೇಲೋ ಎಂಬುದನ್ನೂ. ಪರೀಕ್ಷೆ ಮುಗಿದ ಮೇಲೆ ಬಾಕಿಗಾಗಿ ಅಲೆಯುವುದು ಬಹಳ ಕಷ್ಟ.

ಪತ್ರದಲ್ಲಿ ‘ಅತಿಥಿ’ ಅಥವಾ ‘ಅರೆಕಾಲಿಕ’ ಎಂಬ ಪದ, ವಿಷಯದ ಹೆಸರು, ವಾರಕ್ಕೆ ಎಷ್ಟು ಗಂಟೆ, ಆರಂಭ ಮತ್ತು ಮುಕ್ತಾಯದ ದಿನಾಂಕ ಇರಲೇಬೇಕು. ಮೂಲ ದಾಖಲೆ ತೋರಿಸಿ, ಅಲ್ಲೇ ವಾಪಸ್ ತೆಗೆದುಕೊಳ್ಳಿ. ನಕಲು ಪ್ರತಿಯ ಮೇಲೆ ‘ಅತಿಥಿ ಉಪನ್ಯಾಸಕ್ಕಾಗಿ ಮಾತ್ರ’ ಎಂದು ಕಾಲೇಜಿನ ಹೆಸರು, ತಾರೀಕು ಸಮೇತ ಅಕ್ಷರಗಳ ಮೇಲೇ ಹಾಯುವಂತೆ ಬರೆದು ಸಹಿ ಮಾಡಿ. ಅಂಚಿನಲ್ಲಿ ಬರೆದರೆ ಮುಚ್ಚಿ ಝೆರಾಕ್ಸ್ ಮಾಡುತ್ತಾರೆ. ಯುಎಎನ್ ಕೊಡಬೇಡಿ. ಈಗಿರುವ ಕಂಪನಿಯ ಅನುಮತಿ ಇಮೇಲಿನಲ್ಲಿ ಪಡೆಯಿರಿ. ಸರ್ಕಾರಿ ನೌಕರರಾದರೆ ಪೂರ್ವಾನುಮತಿ ಇಲ್ಲದೆ ಹೋಗಲೇಬೇಡಿ.

ಈಗಾಗಲೇ ಸಿಕ್ಕಿಕೊಂಡಿದ್ದರೆ ಮೊದಲು ಬ್ಯಾಂಕಿಗೆ ಹೋಗಿ ಆ ಚೆಕ್ಕುಗಳಿಗೆ ಸ್ಟಾಪ್ ಪೇಮೆಂಟ್ ಕೊಡಿ. ಪ್ರಾಂಶುಪಾಲರಿಗೆ ರಾಜೀನಾಮೆಯನ್ನು ಇಮೇಲ್ ಮತ್ತು ರಿಜಿಸ್ಟರ್ಡ್ ಪೋಸ್ಟ್ ಎರಡರಲ್ಲೂ ಕಳಿಸಿ, ಅಧ್ಯಾಪಕರ ಪಟ್ಟಿಯಿಂದ ಹೆಸರು ತೆಗೆಯಲು ಕೇಳಿ. ಪ್ರತಿಯನ್ನು ವಿಶ್ವವಿದ್ಯಾಲಯದ ಕುಲಸಚಿವರಿಗೂ ಎಐಸಿಟಿಇಗೂ ಹಾಕಿ. ಆದಾಯ ತೆರಿಗೆ ಪೋರ್ಟಲ್‌ನ ಎಐಎಸ್ (ವಾರ್ಷಿಕ ಮಾಹಿತಿ ಪಟ್ಟಿ) ತೆರೆದು ಕಾಲೇಜಿನ ಹೆಸರಿನಲ್ಲಿ ಎಷ್ಟು ತೋರಿಸಿದ್ದಾರೆ ನೋಡಿ, ರಿಟರ್ನ್ಸ್ ಸಲ್ಲಿಸುವ ಮುಂಚೆ ಚಾರ್ಟರ್ಡ್ ಅಕೌಂಟೆಂಟ್ ಹತ್ತಿರ ಮಾತಾಡಿ. ಇಪಿಎಫ್‌ಒ ಪೋರ್ಟಲ್‌ನಲ್ಲಿ ಸೇವಾ ವಿವರ ತೆಗೆದು, ಗೊತ್ತಿಲ್ಲದ ಮೆಂಬರ್ ಐಡಿ (ಒಬ್ಬೊಬ್ಬ ಉದ್ಯೋಗದಾತರ ಕಡೆಯ ಪಿಎಫ್ ಖಾತೆ ಸಂಖ್ಯೆ) ಇದ್ದರೆ ಅದನ್ನು ಯುಎಎನ್‌ನಿಂದ ಬಿಡಿಸಲು ಅಲ್ಲೇ ಕೋರಿಕೆ ಹಾಕಿ. ಇದೆಲ್ಲ ಮುಂದಿನ ಕಂಪನಿಯ ವೆರಿಫಿಕೇಶನ್ ಶುರುವಾಗುವ ಮೊದಲೇ ಆಗಬೇಕು.