ನನ್ನನ್ನು ನಿಲ್ಲಿಸಿ ನೋಡಿದ ಹಾಸನದ ಕ್ಲಿನಿಕ್

ಹಾಸನದಲ್ಲಿ ಔಷಧಿ ಅಂಗಡಿಯೊಂದರ ಮಹಡಿಯ ಮೇಲಿರುವ ಸಣ್ಣ ಕ್ಲಿನಿಕ್ ಬಗ್ಗೆ ಬರೆಯುತ್ತಿದ್ದೇನೆ. ಪ್ರಚಾರ ಬೇಡ ಎಂದು ವೈದ್ಯರೇ ಹೇಳಿದ್ದರಿಂದ ಹೆಸರು ಹಾಕುತ್ತಿಲ್ಲ.

ನಾನು ಬೇಲೂರು ತಾಲ್ಲೂಕಿನ ಸರ್ಕಾರಿ ಶಾಲೆಯೊಂದರಲ್ಲಿ ಶಿಕ್ಷಕಿ. ಒಂದು ಮಳೆಗಾಲದಲ್ಲಿ ವಾರವಿಡೀ ಜ್ವರ ಕಾಡಿತು. ಜ್ವರ ಬಿಟ್ಟರೂ ಮೈ ಮೊದಲಿನಂತಾಗಲಿಲ್ಲ. ಬೆಳಗಿನ ಪ್ರಾರ್ಥನೆಯಲ್ಲಿ ಎರಡೂವರೆ ನಿಮಿಷದ ನಾಡಗೀತೆ ಮುಗಿಯುವುದರೊಳಗೆ ಎದೆ ಡವಡವ ಹೊಡೆದುಕೊಂಡು ಕಣ್ಣು ಕತ್ತಲಿಡುತ್ತಿತ್ತು. ಕಪ್ಪುಹಲಗೆಯ ಮೇಲೆ ನಾಲ್ಕು ಸಾಲು ಬರೆಯುವಷ್ಟರಲ್ಲಿ ಕುರ್ಚಿ ಬೇಕಾಗುತ್ತಿತ್ತು. ಮಲಗಿದರೆ ಸ್ವಲ್ಪ ಹೊತ್ತಿನಲ್ಲಿ ಎಲ್ಲವೂ ಶಾಂತ.

ಹದಿನಾಲ್ಕು ತಿಂಗಳಲ್ಲಿ ಬೇಲೂರು, ಚಿಕ್ಕಮಗಳೂರು, ಹಾಸನ ಎಂದು ಐದು ಜನ ವೈದ್ಯರನ್ನು ಕಂಡೆ. ರಕ್ತ, ಥೈರಾಯ್ಡ್, ಇಸಿಜಿ, ಎಕೋ (ಹೃದಯದ ಸ್ಕ್ಯಾನ್) ಎಲ್ಲವೂ ನಾರ್ಮಲ್. ಒಬ್ಬರು ಗ್ಯಾಸ್ಟ್ರಿಕ್ ಮಾತ್ರೆ ಬರೆದರು, ಇನ್ನೊಬ್ಬರು ಟಾನಿಕ್ ಕೊಟ್ಟರು. ಮೂರನೆಯವರು ನನ್ನನ್ನು ಬಿಟ್ಟು ನಮ್ಮ ಯಜಮಾನರ ಕಡೆ ತಿರುಗಿ, "ಮನೆಯಲ್ಲಿ ಏನಾದರೂ ಟೆನ್ಷನ್ ಇದೆಯೇ? ನಾಲ್ಕು ದಿನ ಎಲ್ಲಾದರೂ ಕರೆದುಕೊಂಡು ಹೋಗಿ ಬನ್ನಿ" ಎಂದರು. ಬರುವಾಗ ಬಸ್ಸಿನಲ್ಲಿ ಊರು ಮುಟ್ಟುವವರೆಗೂ ಅತ್ತೆ. ಮನೆಯಲ್ಲಿ ನಮ್ಮ ಅತ್ತೆಯವರೂ "ರಿಪೋರ್ಟ್ ಎಲ್ಲ ಸರಿ ಇದೆಯಲ್ಲಮ್ಮ" ಎನ್ನತೊಡಗಿದ್ದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಕಾಗದದಲ್ಲಿ ಇದ್ದದ್ದೂ ಅದೇ.

ಈ ಕ್ಲಿನಿಕ್‌ಗೆ ಹೋಗುವ ಮುಂಚೆ ನೋಟ್‌ಬುಕ್ಕಿನಲ್ಲಿ ಎರಡು ವಾರದ ಲೆಕ್ಕ ಬರೆದಿಟ್ಟಿದ್ದೆ: ಎಷ್ಟು ಗಂಟೆಗೆ ತಲೆ ಸುತ್ತಿತು, ಆಗ ಏನು ಮಾಡುತ್ತಿದ್ದೆ, ಎಷ್ಟು ಹೊತ್ತು ನಿಂತಿದ್ದೆ. ಅರವತ್ತರ ಆಸುಪಾಸಿನ ವೈದ್ಯರು ಅದನ್ನು ಪೂರ್ತಿ ಓದಿದರು. "ನಿಧಾನವಾಗಿ ಹೇಳಿ ಟೀಚರ್" ಎಂದು, ನಾನು ಮುಗಿಸುವವರೆಗೆ ಪೆನ್ನು ಮುಟ್ಟಲಿಲ್ಲ. ಆಮೇಲೆ ಕೇಳಿದರು: ಊಟವಾದ ಮೇಲೆ ಹೆಚ್ಚುತ್ತದೆಯೇ? ಮುಟ್ಟಿನ ದಿನಗಳಲ್ಲಿ? ಬಿಸಿನೀರಿನ ಸ್ನಾನ ಮಾಡಿದರೆ? ಬಚ್ಚಲಿನಲ್ಲಿ ಎರಡು ಸಲ ಗೋಡೆ ಹಿಡಿದು ಕುಸಿದಿದ್ದೆ, ಯಾರಿಗೂ ಹೇಳಿರಲಿಲ್ಲ. ಕೇಳಿದ ಮೊದಲಿಗರು ಇವರೇ.

ನಂತರ ಹತ್ತು ನಿಮಿಷ ಮಲಗಿಸಿದರು. ನಾಡಿ ನಿಮಿಷಕ್ಕೆ 76, ರಕ್ತದೊತ್ತಡ 112/72. ಎಬ್ಬಿಸಿ, ಗೋಡೆಗೆ ಬೆನ್ನು ಆನಿಸಿ ಹತ್ತು ನಿಮಿಷ ಮಾತಿಲ್ಲದೆ ನಿಲ್ಲಲು ಹೇಳಿದರು. ನರ್ಸ್ ಪಕ್ಕದಲ್ಲೇ ನಿಂತು ನಿಮಿಷಕ್ಕೊಮ್ಮೆ ಬರೆದುಕೊಂಡರು. ಮೂರನೆಯ ನಿಮಿಷಕ್ಕೆ ನಾಡಿ 104, ಏಳನೆಯದಕ್ಕೆ 116, ಒಂಬತ್ತಕ್ಕೆ 121. ರಕ್ತದೊತ್ತಡ ಇಳಿಯಲೇ ಇಲ್ಲ. "ನಿಮ್ಮ ಪಾದ ನೋಡಿ" ಎಂದರು. ಕೆನ್ನೀಲಿಯಾಗಿತ್ತು.

"ಇಷ್ಟು ದಿನ ನಿಮ್ಮನ್ನು ಕೂರಿಸಿ, ಮಲಗಿಸಿ ನೋಡಿದ್ದಾರೆ ಟೀಚರ್. ತೊಂದರೆ ಬರುವುದು ನಿಂತಾಗ." ಇಸಿಜಿ, ಎಕೋ ಎರಡನ್ನೂ ನಾನು ಮಲಗಿಯೇ ಮಾಡಿಸಿಕೊಂಡಿದ್ದೆ ಎಂಬುದು ಆಗ ಹೊಳೆಯಿತು. ನಿಂತಾಗ ರಕ್ತ ಕಾಲಿಗೂ ಹೊಟ್ಟೆಗೂ ಇಳಿಯುತ್ತದೆ, ರಕ್ತನಾಳಗಳು ಬಿಗಿಯಾಗಿ ಅದನ್ನು ಮೇಲಕ್ಕೆ ತಳ್ಳದಿದ್ದರೆ ಹೃದಯ ಓಡಬೇಕಾಗುತ್ತದೆ ಎಂದು ಚಿತ್ರ ಬರೆದು ವಿವರಿಸಿದರು. ಬಿಪಿ ಬೀಳದೆ, ನಿಂತ ಹತ್ತು ನಿಮಿಷದೊಳಗೆ ನಾಡಿ 30 ಅಥವಾ ಹೆಚ್ಚು ಏರಿ, ಲಕ್ಷಣಗಳು ಮೂರು ತಿಂಗಳು ದಾಟಿದ್ದರೆ ಪಾಟ್ಸ್ (ಪಾಸ್ಚುರಲ್ ಆರ್ಥೋಸ್ಟ್ಯಾಟಿಕ್ ಟ್ಯಾಕಿಕಾರ್ಡಿಯಾ ಸಿಂಡ್ರೋಮ್, ಅಂದರೆ ನಿಂತಾಗ ನಾಡಿ ವಿಪರೀತ ಏರುವ ತೊಂದರೆ) ಎನ್ನುತ್ತಾರಂತೆ. ವೈರಸ್ ಜ್ವರದ ನಂತರ ಶುರುವಾಗುವುದು ಅಪರೂಪವಲ್ಲ, ಹೆಚ್ಚಾಗಿ ಹೆಂಗಸರಲ್ಲೇ ಕಾಣುತ್ತದೆ, 1993ರಲ್ಲೇ ವೈದ್ಯಕೀಯದಲ್ಲಿ ಈ ಹೆಸರು ಬಳಕೆಗೆ ಬಂದಿತ್ತು ಎಂದರು. ಆದರೂ ಅಷ್ಟಕ್ಕೇ ತೀರ್ಮಾನಿಸಲಿಲ್ಲ. ರಕ್ತಹೀನತೆಯಿಂದಲೂ ಹೀಗಾಗಬಹುದು ಎಂದು ಹಿಮೋಗ್ಲೋಬಿನ್ ಮತ್ತೆ ಮಾಡಿಸಿದರು, 24 ಗಂಟೆ ಹೃದಯದ ಬಡಿತ ದಾಖಲಿಸುವ ಹೋಲ್ಟರ್ ಪರೀಕ್ಷೆಗೆ ಹೃದಯತಜ್ಞರ ಬಳಿ ಕಳುಹಿಸಿದರು.

ಈಗ ದಿನಕ್ಕೆ ಮೂರು ಲೀಟರ್ ನೀರು, ಅವರು ಹೇಳಿದಷ್ಟು ಹೆಚ್ಚುವರಿ ಉಪ್ಪು, ಸೊಂಟದವರೆಗಿನ ಬಿಗಿ ಕಾಲುಚೀಲ, ಮಲಗಿ ಮಾಡುವ ವ್ಯಾಯಾಮ, ಒಂದು ಸಣ್ಣ ಮಾತ್ರೆ. ಅತ್ತೆಗೆ ಬಿಪಿ ಇರುವುದರಿಂದ ನನ್ನ ಪಾಲಿನ ಸಾರಿಗೆ ಮಾತ್ರ ಉಪ್ಪು ಬೆರೆಸುತ್ತೇನೆ. ಇದನ್ನು ಓದಿ ಯಾರೂ ತಾವಾಗಿಯೇ ಉಪ್ಪು ಹೆಚ್ಚಿಸಬೇಡಿ. ನಾಲ್ಕು ತಿಂಗಳಾಗಿದೆ, ಪೂರ್ತಿ ಗುಣವಾಗಿಲ್ಲ. ಆದರೆ ಈಗ ನಾಡಗೀತೆ ಮುಗಿಯುವವರೆಗೂ ಮಕ್ಕಳ ಜೊತೆ ನಿಲ್ಲುತ್ತೇನೆ.

ಕೊರತೆಗಳನ್ನೂ ಹೇಳಬೇಕು. ಬೆಳಗ್ಗೆ ಫೋನಿನಲ್ಲಿ ಮಾತ್ರ ಟೋಕನ್, ಲೈನ್ ಸಿಗುವುದೇ ಕಷ್ಟ. ಎರಡು ಗಂಟೆ ಕಾಯಬೇಕು. ಕಡಿದಾದ ಮೆಟ್ಟಿಲು, ಲಿಫ್ಟ್ ಇಲ್ಲ. ಎಂಟೇ ಕುರ್ಚಿಗಳು, ಉಳಿದವರು ನಿಂತೇ ಇರಬೇಕು. ನಿಲ್ಲಲಾಗದವರು ಹುಡುಕಿಕೊಂಡು ಬರುವ ಜಾಗದಲ್ಲಿ ಇದು ಸಣ್ಣ ತಪ್ಪಲ್ಲ, ನೇರವಾಗಿಯೇ ಹೇಳಿದ್ದೇನೆ. ನರ್ಸ್‌ಗೆ ತಿಳಿಸಿದರೆ ಒಳಗಿನ ಬೆಂಚಿನಲ್ಲಿ ಮಲಗಲು ಬಿಡುತ್ತಾರೆ. ಶುಲ್ಕ 400 ರೂಪಾಯಿ, ಹದಿನೈದು ದಿನದೊಳಗೆ ಮತ್ತೆ ಹೋದರೆ ಕೇಳುವುದಿಲ್ಲ. ಹೋಗುವವರು ಹಳೆಯ ವರದಿಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿಕೊಂಡು ಹೋಗಿ, ಅವರು ಒಂದೊಂದನ್ನೂ ಓದುತ್ತಾರೆ.