ಫೆಲೋಶಿಪ್ ಹುಡುಕುವ ಧಾರವಾಡದ ಜೂನಿಯರ್ ವಕೀಲರು ನೋಡಬೇಕಾದ ಹುದ್ದೆ: ಸಹಾಯಕ ಕಾನೂನು ಅಭಿರಕ್ಷಕರು

ನ್ಯೂಯಾರ್ಕಿನ ಸ್ಕ್ಯಾಡನ್ ಎಂಬ ಲಾ ಫರ್ಮ್ 1988ರಲ್ಲಿ ಶುರು ಮಾಡಿದ ಫೆಲೋಶಿಪ್ ಬಹಳ ಹೆಸರಾದದ್ದು. ಬಡವರ ಕೇಸು ನಡೆಸುವ ಹೊಸ ವಕೀಲರಿಗೆ ಎರಡು ವರ್ಷ ಫರ್ಮಿನ ಪ್ರತಿಷ್ಠಾನದಿಂದ ಸಂಬಳ, ಕೆಲಸ ಸೇವಾಸಂಸ್ಥೆಯಲ್ಲಿ. ಹುಬ್ಬಳ್ಳಿ ನವನಗರದ ಕಾನೂನು ವಿಶ್ವವಿದ್ಯಾಲಯದ ಪದವಿ ಹಿಡಿದು ಹೊರಬಂದವರಿಗೆ ಅದಕ್ಕೆ ಹತ್ತಿರವಾದದ್ದು ಜಿಲ್ಲೆಯಲ್ಲೇ ಇದೆ. ನಾಲ್ಸಾದ (ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ) 2022ರ ಯೋಜನೆಯಂತೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಅಡಿ ನಡೆಯುವ ಕಾನೂನು ನೆರವು ಅಭಿರಕ್ಷಕರ, ಎಂದರೆ ಬಡ ಆರೋಪಿಗಳ ಪರ ಉಚಿತವಾಗಿ ವಾದಿಸುವ ಡಿಫೆನ್ಸ್ ಕೌನ್ಸೆಲ್‌ಗಳ, ಕಚೇರಿ ಅದು.

ಪ್ರಾಧಿಕಾರದ ಪ್ಯಾನೆಲ್ (ನೆರವಿನ ಕೇಸು ಹಂಚುವ ಪಟ್ಟಿಯ) ವಕೀಲರಾಗಲು ಸಾಮಾನ್ಯವಾಗಿ ಮೂರು ವರ್ಷದ ಅನುಭವ ಬೇಕು. ಮುಖ್ಯ ಅಭಿರಕ್ಷಕರಿಗೆ ಹತ್ತು, ಉಪ ಅಭಿರಕ್ಷಕರಿಗೆ ಏಳು ವರ್ಷದ ಕ್ರಿಮಿನಲ್ ವಕೀಲಿಕೆ ಬೇಕು. ಸಹಾಯಕರ ಹುದ್ದೆ ಮಾತ್ರ ಮೂರು ವರ್ಷದೊಳಗಿನವರಿಗೇ ಮೀಸಲು. ಮೊದಲ ಅವಧಿ ಎರಡು ವರ್ಷ, ಆಮೇಲೆ ಕೆಲಸ ನೋಡಿ ವರ್ಷವರ್ಷ ಮುಂದುವರಿಕೆ. ಪೂರ್ಣಾವಧಿಯ ಕೆಲಸ, ಖಾಸಗಿ ಕೇಸು ಹಿಡಿಯುವಂತಿಲ್ಲ. ತಿಂಗಳಿಗೆ ಗೌರವಧನ ಗೊತ್ತುಪಡಿಸಿರುತ್ತದೆ. ಹೊರಗೆ ಸೀನಿಯರ್ ವಕೀಲರ ಕೈಕೆಳಗಿನ ಜೂನಿಯರ್‌ಗಳಿಗೆ ತಿಂಗಳಿಗೆ ನಗರದಲ್ಲಿ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡಿ ಎಂದು ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರ್‌ನಲ್ಲಿ ಹೇಳಿದ್ದು ಬರೀ ಶಿಫಾರಸು. ಹಾಗಾಗಿ ಈ ಖಾತ್ರಿ ಸಣ್ಣದಲ್ಲ.

ಇಲ್ಲಿ ಕಲಿಯುವ ದೊಡ್ಡ ವಿದ್ಯೆ ದಿನ ಎಣಿಸುವುದು. ಬಿಎನ್‌ಎಸ್‌ಎಸ್ (ಹಳೆಯ ಸಿಆರ್‌ಪಿಸಿ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 187ನೇ ಕಲಮಿನ ಪ್ರಕಾರ 60 ದಿನದಲ್ಲಿ, ಗಲ್ಲು, ಜೀವಾವಧಿ ಅಥವಾ ಹತ್ತು ವರ್ಷ ಇಲ್ಲವೇ ಅದಕ್ಕೂ ಹೆಚ್ಚಿನ ಶಿಕ್ಷೆಯ ಅಪರಾಧವಾದರೆ 90 ದಿನದಲ್ಲಿ, ಚಾರ್ಜ್‌ಶೀಟ್ ಬರದಿದ್ದರೆ ಆರೋಪಿಗೆ ಜಾಮೀನು ಹಕ್ಕು. ರಿಮಾಂಡ್ ಮಾಡಿದ (ಮ್ಯಾಜಿಸ್ಟ್ರೇಟರು ಆರೋಪಿಯನ್ನು ಕಸ್ಟಡಿಗೆ ಕಳಿಸಿದ) ದಿನವನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದು ಸುಪ್ರೀಂ ಕೋರ್ಟ್ 2023ರ ಮಾರ್ಚ್‌ನಲ್ಲಿ ಇತ್ಯರ್ಥ ಮಾಡಿದೆ. ಜುಲೈ 1ಕ್ಕೆ ರಿಮಾಂಡ್ ಆದರೆ ಆಗಸ್ಟ್ 29ಕ್ಕೆ 60 ತುಂಬುತ್ತದೆ. 30ರ ಬೆಳಿಗ್ಗೆ ಕೋರ್ಟು ಕೂಡುತ್ತಲೇ ಅರ್ಜಿ ಕೈಯಲ್ಲಿರಬೇಕು. ಮಧ್ಯಾಹ್ನಕ್ಕೆ ತಳ್ಳಿದಿರೋ, ಅಷ್ಟರಲ್ಲಿ ಚಾರ್ಜ್‌ಶೀಟ್ ಬಂದು ಕೂತಿತೋ, ಹಕ್ಕು ಹೋಯಿತು. ಹೆಬ್ಬೆಟ್ಟೊತ್ತಿದ ವಕಾಲತ್ತಿಗೆ ಜೈಲು ಅಧಿಕಾರಿಯ ರುಜು ಬೇಕಲ್ಲ, ಅದನ್ನು ವಾರ ಮೊದಲೇ ಮಾಡಿಸಿಕೊಳ್ಳಿ. ಕೇಸು ಹುಬ್ಬಳ್ಳಿ ಕೋರ್ಟಿನದು, ಆರೋಪಿ ಧಾರವಾಡದ ಜೈಲಿನಲ್ಲಿ ಎಂದಾದರೆ ಒಂದು ರುಜುವಿಗೇ ಅರ್ಧ ದಿನ ಬೇಕು.

ಜಾಮೀನು ಸಿಕ್ಕಿದರೂ ಬಿಡುಗಡೆ ಆಗದಿರುವುದು ಇನ್ನೊಂದು ತೊಡಕು, ನಿಜವಾಗಿ ಹೆಚ್ಚು ನೋಯಿಸುವುದು ಇದೇ. ಜಾಮೀನುದಾರ ಉತಾರ (ಜಮೀನಿನ ಪಹಣಿ) ತರಬೇಕು. ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶಕ್ಕೆ ದುಡಿಯಲು ಬಂದ ಬಿಹಾರದ ಹುಡುಗನಿಗೆ ಇಲ್ಲಿ ಉತಾರ ಇರುವ ನೆಂಟರು ಎಲ್ಲಿಂದ ಬರಬೇಕು? 2023ರ ಜನವರಿ 31ರ ಸುಪ್ರೀಂ ಕೋರ್ಟ್ ಆದೇಶ ಇಲ್ಲಿ ಕೈಹಿಡಿಯುತ್ತದೆ. ಏಳು ದಿನದಲ್ಲಿ ಬಿಡುಗಡೆಯಾಗದಿದ್ದರೆ ಜೈಲು ಅಧೀಕ್ಷಕರು ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ತಿಂಗಳಾದರೂ ಬಾಂಡ್ ಕೊಡಲಾಗದಿದ್ದರೆ ಕೋರ್ಟು ಷರತ್ತು ಸಡಿಲಿಸುವುದನ್ನು ತಾನೇ ಪರಿಶೀಲಿಸಬಹುದು. ಸ್ಥಳೀಯ ಜಾಮೀನುದಾರನ ಹಟವೇ ಅಡ್ಡಿಯಾದರೆ ಆ ಷರತ್ತು ಬಿಡಬಹುದು. ಆದೇಶದ ಪ್ರತಿ ಫೈಲಿನಲ್ಲಿ ಸದಾ ಇರಲಿ. ಬಿಎನ್‌ಎಸ್‌ಎಸ್ 479ನೇ ಕಲಮನ್ನೂ ಮರೆಯಬೇಡಿ: ಹಿಂದೆ ಯಾವ ಅಪರಾಧಕ್ಕೂ ಶಿಕ್ಷೆಯಾಗದ ವಿಚಾರಣಾಧೀನ ಕೈದಿ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಕಳೆದಿದ್ದರೆ ಬಿಡುಗಡೆಗೆ ಅರ್ಹ, ಉಳಿದವರಿಗೆ ಅರ್ಧ. ಗಲ್ಲು, ಜೀವಾವಧಿ ಶಿಕ್ಷೆಯ ಅಪರಾಧಗಳಿಗೂ ಹಲವು ಕೇಸು ಬಾಕಿ ಇದ್ದವರಿಗೂ ಇದು ಅನ್ವಯಿಸದು.

ಕೊರತೆಗಳೂ ಇವೆ. ಸ್ಕ್ಯಾಡನ್ ಫೆಲೋ ತನ್ನ ಕೆಲಸವನ್ನು ತಾನೇ ಯೋಜಿಸಿ ತರುತ್ತಾನೆ. ಇಲ್ಲಿ ಬಂದ ಕಡತ ಹಿಡಿಯಬೇಕು, ಅದೂ ಆರೋಪಿಯ ಪರ ಕ್ರಿಮಿನಲ್ ಕೇಸು ಮಾತ್ರ. ಹೊಲದ ಪಾಲಿಗೆ ಬಡಿದಾಡುವ ಹೆಣ್ಣುಮಗಳ ದಾವೆ ಪ್ಯಾನೆಲ್ ವಕೀಲರಿಗೆ ಹೋಗುತ್ತದೆ. ಸಿವಿಲ್ ಕಲಿಯಬೇಕೆನ್ನುವವರಿಗೆ ಈ ಜಾಗ ಬೇಡ. ಎರಡು ವರ್ಷ ಕಳೆದು ಹೊರಬಂದಾಗ ಸ್ವಂತ ಪಕ್ಷಗಾರರು ಒಬ್ಬರೂ ಇರುವುದಿಲ್ಲ, ಕೈಯಲ್ಲಿ ಒಂದಿಷ್ಟು ಉಳಿತಾಯ ಬೇಕು. ಪಕ್ಷಗಾರರ ಮನೆಯವರು ಪ್ರೀತಿಯಿಂದ ಐನೂರು ರೂಪಾಯಿ ಕೊಟ್ಟರೂ ಮುಟ್ಟುವಂತಿಲ್ಲ.

ಕ್ರಿಮಿನಲ್ ವಕೀಲಿಕೆಯೇ ನನ್ನ ದಾರಿ ಎಂದು ಗಟ್ಟಿ ಮಾಡಿಕೊಂಡವರು ಧೈರ್ಯವಾಗಿ ಸೇರಬಹುದು. ಖಾಲಿ ಹುದ್ದೆ ಬಿದ್ದಾಗ ಪ್ರಾಧಿಕಾರ ಪ್ರಕಟಣೆ ಹೊರಡಿಸುತ್ತದೆ. ಸಂದರ್ಶನಕ್ಕೆ ಹೋಗುವಾಗ ನೀವೇ ಬರೆದ ಎರಡು ಜಾಮೀನು ಅರ್ಜಿಗಳನ್ನು, ಪಕ್ಷಗಾರರ ಹೆಸರು ಮುಚ್ಚಿ, ಒಯ್ಯಿರಿ.