34 ಸಾಧನ, ಒಂದು ಹಳೇ ಮನೆ: ಜಾಗದ ಹೆಸರು ನಾನೇ ಇಡಲಾ, ಎಐಗೆ ಬಿಡಲಾ?

ಕಲಬುರಗಿಯ ಬ್ರಹ್ಮಪುರದಲ್ಲಿ ನಮ್ಮದು ಶಹಾಬಾದ್ ಕಲ್ಲು ಹಾಸಿದ ಹಳೇ ಮನೆ. ಎರಡು ವರ್ಷದಲ್ಲಿ ಒಂದೊಂದಾಗಿ ತಂದ ಸ್ಮಾರ್ಟ್ ಸ್ವಿಚ್, ಪ್ಲಗ್, ಬಲ್ಬ್, ಸೆನ್ಸರ್ ಎಲ್ಲ ಸೇರಿ 34 ಆಗಿದ್ದವು. ಹೆಸರು ಮಾತ್ರ ಒಂದಕ್ಕೂ ನೆಟ್ಟಗಿರಲಿಲ್ಲ. 'ಸ್ವಿಚ್ 3', 'ಪ್ಲಗ್ ಹೊಸದು', 'ಪ್ಲಗ್ ಹೊಸದು 2'. ಜಿಗ್ಬೀ ಅನ್ನುವ ವೈರ್‌ಲೆಸ್ ಪದ್ಧತಿಯ ಸೆನ್ಸರ್‌ಗಳದ್ದಂತೂ ಬರೀ ಉದ್ದನೆಯ ನಂಬರ್. ಯಾವುದು ಎಲ್ಲಿದೆ ಅಂತ ಒಮ್ಮೆ ಸರಿಯಾಗಿ ಬರೆದಿಡಬೇಕು ಅಂತ ಕುಳಿತೆ.

ಮೊದಲು ಸ್ವಿಚ್ ಜೊತೆ ಬಂದ ಫೋನ್ ಆ್ಯಪ್ ನೋಡಿದೆ. ಬೇರೆ ಕಂಪನಿಯ ಸೆನ್ಸರ್‌ಗಳು ಅದರಲ್ಲಿ ಕಾಣಿಸುವುದೇ ಇಲ್ಲ. ಒಂದೇ ಸಂಜೆಗೆ ಅದನ್ನು ಬಿಟ್ಟೆ.

ಉಳಿದದ್ದು ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಮೇಲೆ ಓಡುವ ಹೋಮ್ ಅಸಿಸ್ಟೆಂಟ್, ಬೇರೆ ಬೇರೆ ಕಂಪನಿಯ ಸಾಧನಗಳನ್ನು ಒಂದೇ ಕಡೆ ನಡೆಸುವ ಸಾಫ್ಟ್‌ವೇರ್. ಇದರಲ್ಲಿ ಕೋಣೆಗೆ 'ಏರಿಯಾ' ಅನ್ನುತ್ತಾರೆ. ಮಹಡಿ ಮತ್ತು ಲೇಬಲ್ 2024ರ ಏಪ್ರಿಲ್ ಆವೃತ್ತಿಯಲ್ಲಿ ಬಂದವು. ಒಂದು ಸಾಧನಕ್ಕೆ ಏರಿಯಾ ಒಂದೇ, ಲೇಬಲ್ ಎಷ್ಟು ಬೇಕಾದರೂ ಅಂಟಿಸಬಹುದು. ಲ್ಯಾಪ್‌ಟಾಪ್ ಹಿಡಿದು ಮನೆಯೆಲ್ಲ ಓಡಾಡಿದೆ. ಒಂದು ಸ್ವಿಚ್ ಒತ್ತುವುದು, ಪರದೆಯಲ್ಲಿ ಯಾವುದು ಬದಲಾಯಿತು ಅಂತ ನೋಡುವುದು, ಹೆಸರು ಬರೆಯುವುದು. ಮೇ ತಿಂಗಳ ಬಿಸಿಲಲ್ಲಿ ಮಾಳಿಗೆಗೆ ಮೂರು ಸಲ ಹತ್ತಿ ಇಳಿದೆ. ಎರಡೂವರೆ ತಾಸು ಹಿಡಿಯಿತು. ತಪ್ಪು ಒಂದೂ ಆಗಲಿಲ್ಲ.

ಆಮೇಲೆ ಹಳೇ ಬ್ಯಾಕಪ್ ಹಾಕಿ ಎಲ್ಲ ಮೊದಲಿನಂತೆ ಮಾಡಿದೆ. ಅವೇ 34 ಸಾಧನ ಈಗ ಎಐ ಕೈಗೆ. ಎಐ ಮತ್ತು ಹೊರಗಿನ ಸಾಫ್ಟ್‌ವೇರ್ ನಡುವೆ ಮಾತುಕತೆಗೆ ಎಂಸಿಪಿ ಅಂತ ಒಂದು ಪದ್ಧತಿ ಇದೆ, 2024ರ ನವೆಂಬರ್‌ನಲ್ಲಿ ಆಂಥ್ರೊಪಿಕ್ ಹೊರತಂದದ್ದು. ಅದರ ಮೂಲಕ ಎಐಯನ್ನು ಹೋಮ್ ಅಸಿಸ್ಟೆಂಟ್‌ಗೆ ಜೋಡಿಸಿದೆ.

'ಎಲ್ಲಕ್ಕೂ ಜಾಗ ಹಾಕು' ಅಂದೆ. ನಿಮಿಷದೊಳಗೆ ಹಾಕಿತು, ಸುಮ್ನೆ ಊಹೆಯ ಮೇಲೆ! 'ಸ್ವಿಚ್ 3' ಎಲ್ಲಿದೆ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು, ಅಲ್ವಾ? ಲಿವಿಂಗ್ ರೂಮ್, ಮಾಸ್ಟರ್ ಬೆಡ್‌ರೂಮ್ ಅಂತ ನಮ್ಮ ಮನೆಯಲ್ಲಿ ಇಲ್ಲದ ಕೋಣೆಗಳನ್ನೂ ಹುಟ್ಟಿಸಿತ್ತು. ಮಾಳಿಗೆಯನ್ನು ಮೊದಲನೇ ಮಹಡಿ ಅಂದುಕೊಂಡಿತ್ತು. ನಮ್ಮ ಕಡೆ ಮಾಳಿಗೆ ಅಂದರೆ ಬೇಸಿಗೆಯಲ್ಲಿ ಹಾಸಿಗೆ ಹಾಸಿಕೊಂಡು ಮಲಗುವ ಬಯಲು ಛಾವಣಿ.

ಎಲ್ಲ ಅಳಿಸಿ, ಮನೆಯ ನಕ್ಷೆಯನ್ನು ಹತ್ತು ಸಾಲು ಕನ್ನಡದಲ್ಲೇ ಬರೆದುಕೊಟ್ಟೆ: ಅಂಗಳ, ಪಡಸಾಲೆ, ದೇವರ ಮನೆ, ಅಡಿಗೆ ಮನೆ, ಅವ್ವನ ಕೋಣೆ, ಬಚ್ಚಲು, ಹಿತ್ತಲು. ಮಕ್ಕಳು ಪಡಸಾಲೆಗೆ ಹಾಲ್ ಅನ್ನುತ್ತಾರೆ ಅಂದದ್ದಕ್ಕೆ ಅದನ್ನೂ ಅಡ್ಡಹೆಸರಾಗಿ ಸೇರಿಸಿತು. ಆಮೇಲೆ ಫೋನ್ ಹಿಡಿದು ನಡೆದೆ. ಫ್ಯಾನ್ ಹಾಕಿ, 'ಈಗ ಬದಲಾದದ್ದು ಅವ್ವನ ಕೋಣೆಯ ಫ್ಯಾನ್' ಅನ್ನುವುದು. ಎಐ ಈಗಷ್ಟೇ ಯಾವುದು ಬದಲಾಯಿತು ಅಂತ ಹುಡುಕಿ ಬರೆದುಕೊಳ್ಳುತ್ತಿತ್ತು. 40 ನಿಮಿಷಕ್ಕೆ ಮುಗಿಯಿತು.

ಮುಗಿಯಿತು ಅಂದುಕೊಂಡೆ. ರಾತ್ರಿ ಪಡಸಾಲೆಯ ಲೈಟ್ ಎಲ್ಲ ಆರಿಸು ಅಂದರೆ ಹೊರಗಿನದೂ ಆರಿತು. 'ಅಂಗಳದಾಗ ಕತ್ತಲಾಗ್ಯಾದ ನೋಡು' ಅಂದಳು ಅವ್ವ. ಪಡಸಾಲೆಯ ಬೋರ್ಡಿನೊಳಗೆ ನಾಲ್ಕು ಸ್ವಿಚ್‌ಗೆ ಒಂದೇ ಮಾಡ್ಯೂಲ್ ಇದೆ. ಅದರಲ್ಲಿ ಒಂದರ ವೈರ್ ಅಂಗಳದ ಬಲ್ಬ್‌ಗೆ ಹೋಗುತ್ತದೆ. ಎಐ ಇಡೀ ಮಾಡ್ಯೂಲ್‌ಗೆ ಪಡಸಾಲೆ ಅಂತ ಹಾಕಿತ್ತು, ಒಳಗಿನ ನಾಲ್ಕೂ ಅದೇ ಜಾಗ ಹಿಡಿದವು. ಆ ಒಂದು ಸ್ವಿಚ್‌ಗೆ ಬೇರೆಯಾಗಿ ಅಂಗಳ ಅಂತ ಕೊಡಬೇಕು. ಕೈಯಿಂದ ಮಾಡಿದಾಗ ನಾಲ್ಕನ್ನೂ ಒಂದೊಂದಾಗಿ ಒತ್ತಿದ್ದರಿಂದ ಇದು ತಾನೇ ಗೊತ್ತಾಗಿತ್ತು.

ಇನ್ನೊಂದು ಪೆಟ್ಟು ಜಾಸ್ತಿ ನೋವಿನದು. ಎಂಟಿಟಿ ಐಡಿಗಳನ್ನೂ (ಒಂದೊಂದು ಸ್ವಿಚ್, ಸೆನ್ಸರ್ ಗುರುತಿಸಲು ಹೋಮ್ ಅಸಿಸ್ಟೆಂಟ್ ಒಳಗೆ ಬಳಸುವ ಹೆಸರು) ಚಂದ ಮಾಡಲಾ ಅಂತ ಎಐ ಕೇಳಿತು, ಹೂಂ ಅಂದೆ. ಏರಿಯಾ ಬದಲಿಸಿದರೆ ಐಡಿ ಹಾಗೇ ಇರುತ್ತದೆ. ಆದರೆ ಐಡಿಯನ್ನೇ ಬದಲಿಸಿದರೆ ಅದನ್ನು ನಂಬಿದ ಆಟೊಮೇಷನ್, ಅಂದರೆ ತಾನಾಗೇ ನಡೆಯುವಂತೆ ಬರೆದಿಟ್ಟ ಕೆಲಸ, ನಿಂತುಹೋಗುತ್ತದೆ. ನೀರಿನ ಮೋಟರ್ ಬಂದ್ ಆಗಲಿಲ್ಲ. ಟ್ಯಾಂಕ್ ತುಂಬಿ ಮಾಳಿಗೆಯಿಂದ ನೀರು ಸುರಿಯಿತು, ಅದೂ ಬೇಸಿಗೆಯಲ್ಲಿ! ಇದನ್ನೆಲ್ಲ ರಿಪೇರಿ ಮಾಡಲು ಇನ್ನೊಂದು ತಾಸು.

ಹಾಗಾದರೆ ಎಐ ಗೆದ್ದದ್ದೆಲ್ಲಿ? ಲೇಬಲ್‌ನಲ್ಲಿ. ಇನ್ವರ್ಟರ್ ಲೈನಿನ ಮೇಲಿರುವ 11 ಸಾಧನ ಮನೆ ತುಂಬ ಹರಡಿವೆ. ಅವುಗಳ ಹೆಸರು ಬಾಯಲ್ಲಿ ಹೇಳಿದೆ, ಎಲ್ಲಕ್ಕೂ 'ಇನ್ವರ್ಟರ್' ಲೇಬಲ್ ಬಿತ್ತು. ಈಗ ಕರೆಂಟ್ ಹೋದರೆ ಎರಡು ಫ್ಯಾನ್ ಬಿಟ್ಟು ಆ ಲೇಬಲ್‌ನ ಉಳಿದದ್ದೆಲ್ಲ ತಾನೇ ಆರುತ್ತದೆ. ಕೈಯಿಂದ ಇಷ್ಟು ಮಾಡುವ ತಾಳ್ಮೆ ನನಗಿರಲಿಲ್ಲ.

ಸದ್ಯ ನನ್ನ ರೂಢಿ ಇದು: ಬೋರ್ಡ್ ಒಳಗಿನ ಮಾಡ್ಯೂಲ್‌ಗಳಿಗೆ ಹೆಸರು ನಾನೇ ಇಡುತ್ತೇನೆ. ಉಳಿದದ್ದನ್ನು ಎಐ ಮೊದಲು ಪಟ್ಟಿ ಮಾಡಿ ತೋರಿಸಬೇಕು, ನಾನು ಒಪ್ಪಿದ ಮೇಲೇ ಬರೆಯಬೇಕು. ಹೋಮ್ ಅಸಿಸ್ಟೆಂಟ್ ಒಳಗೆ ಬರಲು ಅದಕ್ಕೆ ಕೊಟ್ಟಿದ್ದ ಟೋಕನ್ (ಪಾಸ್‌ವರ್ಡ್‌ನಂಥ ಕೀಲಿ) ಕೆಲಸ ಮುಗಿದ ದಿನವೇ ಅಳಿಸಿದೆ. ಸುಮ್ಮನೆ ಬಿಟ್ಟರೆ ಅದು 10 ವರ್ಷ ಚಾಲ್ತಿಯಲ್ಲಿರುತ್ತದೆ.

ಒಂದು ಪ್ಲಗ್‌ಗೆ ಮಾತ್ರ ಇನ್ನೂ ಜಾಗ ಕೊಟ್ಟಿಲ್ಲ. ಅದು ಕೂಲರಿನದು. ಮಾರ್ಚ್‌ನಲ್ಲಿ ಪಡಸಾಲೆಯಲ್ಲಿರುತ್ತದೆ, ಮೇ ಬಂದರೆ ಅವ್ವ ತನ್ನ ಕೋಣೆಗೆ ಎಳೆದುಕೊಂಡು ಹೋಗುತ್ತಾಳೆ.